ಹಿತ್ತಲಿಗೆ ಹಸಿರು ಹೊದಿಕೆ



ನಿಮ್ಮ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಬಾಳೆಗೆ ತಿಪ್ಪೆಗೊಬ್ಬರ ಎಷ್ಟು ಬೇಕು ಎಂಬುದು ನಿಮಗೇ ಗೊತ್ತು. ಹಿತ್ತಲಿನ ಬದನೆಗೆ, ಪಾಲಕಿಗೆ ಉಳಿಯುವುದು ಎಷ್ಟು? ನಾನು ಇರೋದು ಕಲಬುರಗಿ ನಗರದಾಗ. ನಮ್ಮ ಮನೆಯಲ್ಲಿ ದನವೇ ಇಲ್ಲ. ಹಾಗಾದರೆ ಏನು ಮಾಡಬೇಕು? ಗೊಬ್ಬರವನ್ನೇ ಬೆಳೆಯಬೇಕು.

ಬದನೆ ಗಿಡ ಕಿತ್ತ ಮಡಿ ಖಾಲಿ ಬಿಡಬೇಡಿರಿ. ಮಳೆ ಬಿದ್ದ ಕೂಡಲೆ ಸೆಣಬು ಇಲ್ಲವೆ ಅಲಸಂದಿ ಒತ್ತಾಗಿ ಬಿತ್ತಿರಿ. ಎಲೆ ನೆಲ ಮುಚ್ಚುತ್ತದೆ. ಕಸ ಕಡಿಮೆ ಏಳುತ್ತದೆ. ಒಂದು ಗಿಡ ಕಿತ್ತು ಬೇರು ನೋಡ್ರಿ. ಸಣ್ಣ ಸಣ್ಣ ಗಂಟು ಇರುತ್ತವೆ. ಅದು ರೋಗ ಅಲ್ಲ. ನಮ್ಮ ತೊಗರಿ ಬೇರಿನಲ್ಲೂ ಇರುತ್ತವೆ. ಆ ಗಂಟಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಅವು ಗಾಳಿಯಲ್ಲಿರುವ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ. ಗಂಟು ಒಡೆದರೆ ಒಳಗೆ ಕೆಂಪಗೆ ಇರಬೇಕು. ಆಗ ಕೆಲಸ ನಡೆದಿದೆ ಎಂದು ತಿಳಿಯಿರಿ. ಅಂಗಡಿಯ ಯೂರಿಯಾ ಚೀಲದಲ್ಲಿ ಇರುವುದೂ ಸಾರಜನಕವೇ. ಅದಕ್ಕೆ ರೊಕ್ಕ ಕೊಡಬೇಕು, ಇದಕ್ಕೆ ಬೀಜ ಸಾಕು.

ಆರೇಳು ವಾರಕ್ಕೆ ಹೂ ಬರುತ್ತದೆ. ಕೂಡಲೆ ಕೊಯ್ದು ಮಣ್ಣಿಗೆ ಸೇರಿಸಿರಿ. ಇಲ್ಲೇ ನಾನು ತಪ್ಪಿದ್ದೆ. ಸೆಣಬಿನ ಹಳದಿ ಹೂ ಚಂದ ಅದ ಅಂತ ಬಿಟ್ಟೆ. ದಂಟು ನಾರಾಯಿತು, ಕೊಳೆಯಲಿಲ್ಲ. ಆ ಸಲ ಪಾಲಕ ಮೇಲೆ ಏಳಲೇ ಇಲ್ಲ.

ಸೇರಿಸಿದ ಮೇಲೆ ಎರಡು ಮೂರು ವಾರ ತಡೆಯಿರಿ. ಮಣ್ಣು ಹಸಿ ಇರಲಿ. ಆಮೇಲೆ ತರಕಾರಿ ಹಚ್ಚಿರಿ.

ಅಲಸಂದಿ ಆದರೆ ಎಳೆಗಾಯಿ ಒಂದು ಸಲ ಪಲ್ಯಕ್ಕೆ ಕೀಳಬಹುದು. ಗೊಬ್ಬರ ಸ್ವಲ್ಪ ಕಡಿಮೆ ಆದೀತು. ಮಕ್ಕಳ ತಾಟಿಗೆ ಬೀಳುತ್ತದಲ್ಲ, ನನಗಂತೂ ಅದು ನಷ್ಟ ಅನಿಸೋದಿಲ್ಲ.