ಮನೆತನದ ಹೆಸರು, ರಂಗದ ಹೆಸರು

ಮನೆತನದ ಹೆಸರಿಗೆ ಬೆಲೆಯುಂಟೆಂಬುದನ್ನು ಎಲ್ಲರೂ ಒಪ್ಪುವರು. ಆದರೆ ಆ ಬೆಲೆಯನ್ನು ಉಳಿಸುವವರು ಯಾರು? ಮಕ್ಕಳೆ, ಶಿಷ್ಯರೆ, ಊರಿನವರೆ? ಈ ಹೊತ್ತು ನಾವು ಇದನ್ನು ಕೊಂಚ ವಿಚಾರಮಾಡೋಣ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ಸೀಮೆಯಲ್ಲಿ ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕುಳಿತಿರುವುವು. ತೆಲುಗು ಮನೆಮಾತಿನವರು ‘ಇಂಟಿಪೇರು’ ಎಂಬ ಮನೆಯ ಹೆಸರನ್ನು ತಮ್ಮ ಹೆಸರಿನ ಮುಂದಿಡುವರು. ಅದು ಪೂರ್ವಿಕರು ಬಿಟ್ಟುಬಂದ ಊರಿನ ಹೆಸರಾಗಿರುವುದುಂಟು. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರ ಹೆಸರಿನ ಮೊದಲಲ್ಲಿರುವ ಮೋಕ್ಷಗುಂಡಂ ಆಂಧ್ರದ ಒಂದು ಗ್ರಾಮ. ತಲೆಮಾರುಗಳು ಕಳೆದರೂ ಹೆಸರು ಅಳಿಯಲಿಲ್ಲ. ಆದರೆ ಅದನ್ನು ನಾಡಿನ ಬಾಯಲ್ಲಿ ನಿಲ್ಲಿಸಿದುದು ವಂಶವಲ್ಲ, ಅವರ ಕೆಲಸ.

ನಾಟಕರಂಗದಲ್ಲಿ ಇಂತಹ ಹೆಸರು ಗುಬ್ಬಿ. ತುಮಕೂರು ಸೀಮೆಯ ಆ ಊರಿನಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿತು. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆಯರಾದರು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಊರಿನ ಹೆಸರು ಕಂಪೆನಿಯ ಹೆಸರಾಗಿ, ಕಂಪೆನಿಯದು ಮನೆತನದ್ದಾಯಿತು. ಮೊಮ್ಮಗಳು ಬಿ. ಜಯಶ್ರೀಯವರು 1976ರಲ್ಲಿ ‘ಸ್ಪಂದನ’ವನ್ನು ಕಟ್ಟಿ ಆ ಋಣವನ್ನು ಹೊತ್ತರು.

ಇಷ್ಟೇ ಆಗಿದ್ದರೆ ಗುಬ್ಬಿಯೆಂಬುದು ಒಂದು ಮನೆಯ ಸ್ವತ್ತಾಗಿ ಉಳಿಯುತ್ತಿದ್ದಿತು. ಆದರೆ ಬಾಲ್ಯದಲ್ಲಿ ಮನೆಬಿಟ್ಟು ಬಂದು ಕಂಪೆನಿಯನ್ನು ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರೇ ಕಾಶಿಗೆ ಓದಲು ಕಳುಹಿಸಿದರು. ಅದೇ ಕಾರಂತರು ಮುಂದೆ, 1989ರಲ್ಲಿ, ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಜಿ. ವಿ. ಅಯ್ಯರ್, ರಾಜಕುಮಾರ್ ಇವರೂ ಆ ಕಂಪೆನಿಯ ಅನ್ನವುಂಡು ಬೆಳೆದವರೇ. ಇವರಾರೂ ವೀರಣ್ಣನವರ ರಕ್ತಸಂಬಂಧಿಗಳಲ್ಲ; ಆದರೂ ವಾರಸುದಾರರಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಮತ್ತೆ ನಮ್ಮ ಸೀಮೆಗೆ ಬರೋಣ. ಇಲ್ಲಿಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕವಾಡುವ ರೂಢಿಯುಂಟು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯಗಳನ್ನು ಬಾಯಿಗೆ ಹತ್ತಿಸುವರು. ಬೆಳಿಗ್ಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಹೊತ್ತವನೇ ರಾತ್ರಿ ಗದೆ ಹಿಡಿದ ಭೀಮನಾಗುವನು. ಇವರ ಹೆಸರು ಚರಿತ್ರೆಯಲ್ಲಿ ದಾಖಲಾಗುವುದಿಲ್ಲ. ತಂದೆಯ ಪಾತ್ರದ ಚಿತ್ರಪಟವನ್ನು ಗೋಡೆಗೆ ತೂಗುಹಾಕಿ ಹಾರವೇರಿಸುವ ಮಗನಿಗೆ ಆ ಪಾತ್ರದ ಒಂದು ಪದ್ಯವಾದರೂ ಬಾರದಿದ್ದರೆ, ಆ ಮನೆಯಲ್ಲಿ ಉಳಿದುದು ಚೌಕಟ್ಟು ಮಾತ್ರ.

ವಿದ್ಯಾವಂತರಾಗಿ ಪಟ್ಟಣ ಸೇರಿದವರ ಮನೆಗಳಲ್ಲಿಯೇ ಇದು ಹೆಚ್ಚು. ಹೊಲಮನೆಗಳನ್ನು ಮಕ್ಕಳಿಗೆ ಹಂಚುವುದು ಕಾಗದದ ಕೆಲಸ. ಕಲೆಯನ್ನು ಹಂಚಬೇಕಾದರೆ ಕಲಿಸಬೇಕು. ಹಿರಿಯರ ಪಾತ್ರದ ಹಳೆಯ ಪುಸ್ತಕ ಅಟ್ಟದ ಮೇಲಿದ್ದರೆ ಕೆಳಗಿಳಿಸಿರಿ. ಆ ರಾಗ ಬಲ್ಲ ಮುದುಕರು ಊರಿನಲ್ಲಿದ್ದರೆ ಹೋಗಿ ಕೇಳಿರಿ. ಕಲಿಯಲು ಸ್ವಂತ ಮಕ್ಕಳು ಬಾರದಿದ್ದರೆ ನೆರೆಮನೆಯ ಮಕ್ಕಳಿಗಾದರೂ ಕಲಿಸಿರಿ. ಮನೆತನದ ಹೆಸರಿಗೆ ಅದರಿಂದ ಕುಂದಿಲ್ಲ.