ಬಿಚ್ಚಿದ ಹೊತ್ತು

 ಒಂದು ಕಾಲಕ್ಕೆ ನಮ್ಮ ಮನೋರೋಗ ವಾರ್ಡುಗಳಲ್ಲಿ ಇದ್ದು ಹೋದ ಕೆಲವರು ಈ ಸಲ ನಮ್ಮ ಕರೆಗೆ ಓಗೊಟ್ಟು ಸಭೆಯ ಮುಂದಿನ ಸಾಲಿನಲ್ಲಿ ಕೂತಿದ್ದಾರೆ.  ಹಿಂದಿನ ಅಧ್ಯಕ್ಷರೆಲ್ಲ ಶುಶ್ರೂಷಾಧಿಕಾರಿಗಳ ಈ ಸಂಘವನ್ನು ಬೆಳೆಸಿದರು. ವೇತನ, ಬಡ್ತಿ, ವರ್ಗಾವಣೆಯ ವಿಷಯದಲ್ಲಿ ಅವರು ಓಡಾಡಿದ್ದು ನಮಗೆಲ್ಲ ಗೊತ್ತಿದೆ, ಅದಕ್ಕೆ ಕೃತಜ್ಞತೆ. ನಮ್ಮ ಕೆಲಸಕ್ಕೂ ಒಂದು ಹಳೆಯ ಕಥೆಯಿದೆ: ಧಾರವಾಡದ ಆಸ್ಪತ್ರೆ 1845ರಲ್ಲಿ ಹುಚ್ಚಾಸ್ಪತ್ರೆ ಎಂಬ ಹೆಸರಿನಲ್ಲಿ ಶುರುವಾಯಿತು, ಇವತ್ತು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಾಗಿದೆ. ಆ ಕಾಲದ ಕಾವಲುಗಾರರ ಜಾಗದಲ್ಲಿ ಈಗ ನಾವಿದ್ದೇವೆ. ಇಷ್ಟು ಹೇಳಿ ವಿಷಯಕ್ಕೆ ಬರುತ್ತೇನೆ.

ನನಗೆ ಹೇಳಲಿಕ್ಕಿರುವುದು ಒಂದೇ ವಿಷಯ, ಕಟ್ಟುವುದು. ಕೇಸ್‌ಶೀಟಿನಲ್ಲಿ ನಾವು ಇದನ್ನು ‘ರಿಸ್ಟ್ರೇಂಟ್’ ಎಂದು ಬರೆಯುತ್ತೇವೆ. ವಾರ್ಡಿನಲ್ಲಿ ಮಾತ್ರ ಯಾರೂ ಹಾಗೆ ಅನ್ನುವುದಿಲ್ಲ. ‘ಆರನೇ ಬೆಡ್ ಕಟ್ಟಿದೀವಿ’ ಎಂದು ಪಾಳಿ ಒಪ್ಪಿಸುವಾಗ ಹೇಳುತ್ತೇವೆ. ಆರನೇ ಬೆಡ್ಡಿನಲ್ಲಿ ಇರುವವರ ಹೆಸರೂ ಆ ವಾಕ್ಯದಲ್ಲಿ ಇರುವುದಿಲ್ಲ.

ನಾನು ಕೆಲಸಕ್ಕೆ ಸೇರಿದ್ದು 1991ರಲ್ಲಿ. ದುಡಿದ ಆಸ್ಪತ್ರೆಗಳ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಮಾತ್ರ ಹೀಗೆ ಎಂದು ಉಳಿದವರೆಲ್ಲ ಸಮಾಧಾನ ಪಟ್ಟುಕೊಂಡುಬಿಡುತ್ತೇವೆ. ಕೈ ಕಟ್ಟಲು ಗಾಜ್ ಬಟ್ಟೆ, ಅದು ಮುಗಿದಿದ್ದರೆ ಹಳೆಯ ಬೆಡ್‌ಶೀಟ್ ಹರಿದ ಪಟ್ಟಿ. ಗಂಟು ಹಾಕುವುದನ್ನು ನನಗೆ ಕಲಿಸಿದ್ದು ಪಠ್ಯಪುಸ್ತಕವಲ್ಲ, ವಾರ್ಡಿನ ಆಯಾ. ರೋಗಿ ಎಳೆದಷ್ಟೂ ಬಿಗಿಯಬಾರದು, ಮಂಚದ ಕಡೆಯಿಂದ ನಾವು ಎಳೆದರೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು ಎಂದು ಆಕೆ ತೋರಿಸಿಕೊಟ್ಟರು. ನಾನು ಕಲಿತ ಒಳ್ಳೆಯ ಪಾಠಗಳಲ್ಲಿ ಅದೂ ಒಂದು. ಆದರೆ ಕಟ್ಟಿದ ಮೇಲೆ ಏನು ಮಾಡಬೇಕು ಎಂಬುದನ್ನು ಯಾರೂ ಕಲಿಸಲಿಲ್ಲ.

1998ರಲ್ಲಿ ಒಬ್ಬ ಹೆಂಗಸು ಡಿಸ್ಚಾರ್ಜ್ ಆಗಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದರು. ಉನ್ಮಾದ ಇಳಿದು, ಮಾತು ನೆಟ್ಟಗಾಗಿ, ಮಕ್ಕಳನ್ನು ನೋಡುವ ಆತುರದಲ್ಲಿದ್ದವರು. ತಲೆ ಎತ್ತದೆ ಹೇಳಿದರು: “ಸಿಸ್ಟರ್, ಆವತ್ತು ನನ್ನ ಮೂಗಿನ ಮೇಲೆ ನೊಣ ಕೂತಿತ್ತು. ತಲೆ ಆಡಿಸಿ ಓಡಿಸ್ದೆ. ಮತ್ತೆ ಬಂದು ಕೂತ್ಕೊಂತು. ಮೂರು ಸಲ ನಿಮ್ಮನ್ನ ಕರೆದೆ. ನೀವು ‘ಸುಮ್ನೆ ಮಲ್ಕೋಮ್ಮ’ ಅಂದ್ರಿ.”

ಅವರು ಹೋದ ಮೇಲೆ ಕೇಸ್‌ಶೀಟ್ ತೆಗೆದು ನೋಡಿದೆ. ರಾತ್ರಿ 11.40ಕ್ಕೆ, ರೋಗಿ ಕೂಗಾಡುತ್ತಿದ್ದಾರೆ, ಸಿಬ್ಬಂದಿಯನ್ನು ಹೊಡೆಯಲು ಬಂದರು, ಇಂಜೆಕ್ಷನ್ ಕೊಟ್ಟು ಕಟ್ಟಲಾಯಿತು. ಅದರ ಕೆಳಗಿನ ಬರಹ ಬೆಳಿಗ್ಗೆ 6ಕ್ಕೆ, ನಿದ್ದೆ ಮಾಡಿದ್ದಾರೆ, ಬಿಪಿ ಸರಿ ಇದೆ. ಎರಡೂ ನನ್ನ ಅಕ್ಷರ, ನನ್ನ ಸಹಿ. ನಡುವಿನ ಆರು ಗಂಟೆ ಇಪ್ಪತ್ತು ನಿಮಿಷದಲ್ಲಿ ಏನಾಯಿತು ಎಂಬುದು ಹಾಳೆಯ ಮೇಲೆ ಇರಲಿಲ್ಲ. ಕಟ್ಟು ಬಿಚ್ಚಿದ್ದು ಎಷ್ಟು ಹೊತ್ತಿಗೆ ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಬಿಚ್ಚಿದ್ದು ನಾನೋ, ಬೆಳಗಿನ ಪಾಳಿಯವರೋ, ಅದೂ ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ 200 ಪುಟದ ಒಂದು ನೋಟ್‌ಬುಕ್ ಇಟ್ಟೆ. ಯಾರನ್ನು ಕಟ್ಟಿದ್ದೆವೋ ಅವರು ಸಮಾಧಾನಕ್ಕೆ ಬಂದ ಮೇಲೆ ಪಕ್ಕದಲ್ಲಿ ಕೂತು ಕೇಳುತ್ತಿದ್ದೆ: ಆವತ್ತಿನದು ಏನು ನೆನಪಿದೆ? ಸಹೋದ್ಯೋಗಿಗಳು ಅವರಿಗೇನೂ ನೆನಪಿರುವುದಿಲ್ಲ, ಬಿಡಿ ಎನ್ನುತ್ತಿದ್ದರು. ಇಂಜೆಕ್ಷನ್ನಿನ ಮಂಪರಿನಲ್ಲಿ ಕೆಲವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಬಹಳ ಮಂದಿಗೆ ಇತ್ತು, ನಾವು ಏನು ಮಾತಾಡಿಕೊಂಡೆವು ಎಂಬುದೂ ಸೇರಿ. ಹೇಳಬಹುದು ಎಂದು ಒಪ್ಪಿದವರ ಮಾತನ್ನಷ್ಟೇ, ಹೆಸರು ಊರು ಬಿಟ್ಟು, ಇಲ್ಲಿ ಹೇಳುತ್ತೇನೆ.

ಒಬ್ಬ ಹುಡುಗಿ ಮುಟ್ಟಾಗಿದ್ದಳು. ಬಟ್ಟೆ ಬದಲಿಸಬೇಕು ಎಂದು ಹೇಳಲು ಸುತ್ತ ನೋಡಿದರೆ ಕಾಲು ಕಟ್ಟುತ್ತಿದ್ದವರು ಇಬ್ಬರು ವಾರ್ಡ್ ಬಾಯ್‌ಗಳು. ಬಾಯಿ ಮುಚ್ಚಿಕೊಂಡಳು. ನಮ್ಮ ಬರಹದಲ್ಲಿ ‘ಈಗ ಶಾಂತ’ ಎಂದಿದೆ. ಇನ್ನೊಬ್ಬರನ್ನು ಮದುವೆಗೆ ಮುಂಚೆ ಯಾರೋ ಹೀಗೇ ಕೈ ಅದುಮಿ ಹಿಡಿದಿದ್ದರಂತೆ. ಆವತ್ತು ರಾತ್ರಿ ನಮ್ಮ ಮುಖಗಳು ಅವರಿಗೆ ಕಾಣಲೇ ಇಲ್ಲ, ಆ ಹಳೆಯ ಮುಖವೇ ಕಾಣುತ್ತಿತ್ತಂತೆ.

ಇನ್ನೊಂದು ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ನಮ್ಮ ದೇಶದ ಮನೋರೋಗ ಚಿಕಿತ್ಸೆಯಲ್ಲಿ ಮನೆಯವರನ್ನು ರೋಗಿಯ ಜೊತೆಗೇ ಉಳಿಸಿಕೊಳ್ಳುತ್ತೇವೆ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ಮನೆಯವರನ್ನು ಇರಿಸಿಕೊಂಡದ್ದು ಇದಕ್ಕೆ ದಾರಿಯಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದೇ ದಾರಿ ಹಿಡಿಯಿತು. ಅದು ಹೆಮ್ಮೆಯ ವಿಷಯವೇ. ಆದರೆ ರಾತ್ರಿ ಕೈ ಸಾಲದೆ ಹೋದಾಗ ನಾವು ಅದೇ ಮನೆಯವರಿಗೆ ‘ಸ್ವಲ್ಪ ಕಾಲು ಹಿಡ್ಕೊಳ್ಳಿ’ ಎಂದು ಹೇಳುತ್ತೇವೆ. ಒಬ್ಬ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ನನಗೆ ಹೇಳಿದ: “ನೀವು ಕಟ್ಟಿದ್ದಕ್ಕೆ ಬೇಜಾರಿಲ್ಲ ಸಿಸ್ಟರ್, ನಿಮ್ಮ ಕೆಲ್ಸ ಅದು. ನಮ್ಮಪ್ಪ ಯಾಕೆ ಕಾಲು ಹಿಡಿದ್ರು?” ತಂದೆಯ ಜೊತೆ ಅವನು ಮಾತು ಬಿಟ್ಟಿದ್ದ, ತಂದೆ ತಂದ ಊಟ ಮುಟ್ಟುತ್ತಿರಲಿಲ್ಲ. ಆ ತಂದೆಗೆ ಕಾಲು ಹಿಡಿಯಲು ಹೇಳಿದ್ದು ನಾನು. ಮಗನಿಗೆ ಅದನ್ನು ತಿಳಿಸಿ ಕ್ಷಮೆ ಕೇಳಿದೆ. ಕೇಳಿಸಿಕೊಂಡ, ಏನೂ ಹೇಳಲಿಲ್ಲ.

ಕಟ್ಟುವುದರಿಂದ ದೇಹಕ್ಕೆ ಏನಾಗುತ್ತದೆ ಎಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಲುಗಾಡದೆ ಬಿದ್ದ ಕಾಲಿನ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಬಹುದು, ಬೋರಲು ಒತ್ತಿ ಹಿಡಿದರೆ ಉಸಿರು ನಿಲ್ಲಬಹುದು, ಬಿಗಿದ ತೋಳಿನ ನರಕ್ಕೆ ಪೆಟ್ಟಾದರೆ ಕೈ ತಿಂಗಳುಗಟ್ಟಲೆ ಮೇಲೇಳದೆ ಇರಬಹುದು. ಇವುಗಳಿಗೆ ಪರೀಕ್ಷೆಯಲ್ಲಿ ಅಂಕ ಇದೆ. ನೊಣಕ್ಕೆ ಇಲ್ಲ, ಅಪ್ಪ ಕಾಲು ಹಿಡಿದದ್ದಕ್ಕೆ ಇಲ್ಲ. ಹೀಗೆ ಕಟ್ಟಿಸಿಕೊಂಡವರು ಕಾಯಿಲೆ ಮರುಕಳಿಸಿದಾಗ ಆಸ್ಪತ್ರೆಯ ಕಡೆ ಮುಖ ಹಾಕುವುದಿಲ್ಲ, ಕೊನೆಗೆ ಮನೆಯವರೇ ಕೈಕಾಲು ಕಟ್ಟಿ ಜೀಪಿನಲ್ಲಿ ಕರೆತರುತ್ತಾರೆ. ಎಂಥ ವೈಲೆಂಟ್ ರೋಗಿ ಎಂದು ಆಗ ನಾವು ಮತ್ತೆ ಬರೆದುಕೊಳ್ಳುತ್ತೇವೆ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿಕೊಂಡಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದು, ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಪತ್ರಿಕೆ ಬಂದ ದಿನ ನಮ್ಮ ವಾರ್ಡಿನಲ್ಲಿದ್ದ ಒಬ್ಬರು ಅದನ್ನು ಓದಿ ಮಡಚಿಟ್ಟು ಕೇಳಿದರು: “ಇಲ್ಲಿ ಬೆಂಕಿ ಬಿದ್ರೆ ಕಟ್ಟಿರೋರನ್ನ ಯಾರು ಬಿಚ್ತೀರಿ?” ನಮ್ಮದು ಆಸ್ಪತ್ರೆ, ಸರಪಳಿ ಇಲ್ಲ ಎಂದೆ. ಅವರು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ನಲವತ್ತು ರೋಗಿಗಳಿಗೆ ರಾತ್ರಿ ನಾನೊಬ್ಬಳೇ ಇರುತ್ತಿದ್ದೆ.

ಕೊನೆಗೆ ಕಾನೂನು ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಜಾರಿಯಾದದ್ದು 2018ರಲ್ಲಿ. 95ನೇ ಸೆಕ್ಷನ್ ಯಾವ ರೂಪದಲ್ಲೂ ಸರಪಳಿ ಹಾಕಬಾರದು ಎನ್ನುತ್ತದೆ. 97ನೆಯದು ನಮ್ಮದು. ಒಂಟಿಯಾಗಿ ಕೂಡಿಹಾಕುವಂತಿಲ್ಲ. ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ, ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರು ಒಪ್ಪಿದಾಗ ಮಾತ್ರ ಕಟ್ಟಬಹುದು, ಅದೂ ಎಷ್ಟು ಹೊತ್ತು ಬೇಕೇಬೇಕೋ ಅಷ್ಟು ಹೊತ್ತು. ಹೇಗೆ ಕಟ್ಟಿದಿರಿ, ಯಾಕೆ, ಎಷ್ಟು ಹೊತ್ತು ಎಂದು ಕೂಡಲೇ ಬರೆದಿಡಬೇಕು. ರೋಗಿ ಹೆಸರಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿ ಕಟ್ಟಬಾರದು, ಸಿಬ್ಬಂದಿ ಕಡಿಮೆ ಎಂಬ ಕಾರಣಕ್ಕೂ ಕಟ್ಟಬಾರದು. ಪ್ರತಿ ತಿಂಗಳು ಎಲ್ಲ ಪ್ರಕರಣಗಳ ವರದಿ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು.

ಇದನ್ನು ಓದಿದ ದಿನ ನಾನು ಅತ್ತಿದ್ದೆ, ಸಂತೋಷಕ್ಕೆ. ‘ಎಷ್ಟು ಹೊತ್ತು’ ಎಂಬ ಮಾತು ಕಾನೂನಿನಲ್ಲೇ ಬಂದಿತ್ತು. ಬಿಚ್ಚಿದ ಹೊತ್ತು ಬರೆಯದೆ ಎಷ್ಟು ಹೊತ್ತು ಕಟ್ಟಿದ್ದೆವು ಎಂದು ಬರೆಯಲಾಗುವುದಿಲ್ಲವಲ್ಲ.

ಆಗ ನಾನು ವಾರ್ಡಿನ ಉಸ್ತುವಾರಿಯಲ್ಲಿದ್ದೆ. ತಿಂಗಳ ವರದಿಯಲ್ಲಿ ನಿಜವಾದ ಸಂಖ್ಯೆ ಬರೆದು ಕಳಿಸಿದೆ. ಹಾಳೆ ವಾಪಸು ಬಂತು. ಎಲ್ಲ ಕಡೆಯಿಂದ ‘ನಿಲ್’ ಎಂದು ಹೋಗುತ್ತಿರುವಾಗ ನಮ್ಮದೊಂದೇ ಯಾಕೆ ಎದ್ದು ಕಾಣಬೇಕು ಎಂದು ಮೇಲಿನವರೊಬ್ಬರು ಕೇಳಿದರು. ನಾನು ಬದಲಿಸಲಿಲ್ಲ. ಬೇರೆ ಯಾರೋ ಬದಲಿಸಿದರು. ಮುಂದಿನ ತಿಂಗಳು ನನ್ನನ್ನು ಸ್ಟೋರಿಗೆ ಹಾಕಿದರು. ಬೆಡ್‌ಶೀಟ್ ಎಣಿಸುತ್ತಾ ಒಂದೂವರೆ ವರ್ಷ ಕಳೆದೆ.

ಇನ್ನು ನಮ್ಮ ಸಂಘದೊಳಗಿನ ಜಗಳ. ಅದನ್ನೂ ಹೇಳಿಯೇಬಿಡುತ್ತೇನೆ. 2019ರ ಸಭೆಯಲ್ಲಿ ಒಂದು ನಿರ್ಣಯ ತಂದಿದ್ದೆ. ಕಟ್ಟಿದ ಹೊತ್ತಿನ ಪಕ್ಕದಲ್ಲೇ ಬಿಚ್ಚಿದ ಹೊತ್ತು ಮತ್ತು ಸಹಿ, ಆಮೇಲೆ ರೋಗಿಯ ಮಾತಿಗೆ ಒಂದು ಜಾಗ. ಇಷ್ಟೇ. ‘ಹೊಡೆತ ತಿನ್ನೋರು ನಾವು, ಅಪರಾಧಿಗಳನ್ನಾಗಿ ಮಾಡೋದೂ ನಮ್ಮನ್ನೇನಾ?’ ಎಂದು ಒಬ್ಬರು ಎದ್ದು ಕೂಗಿದರು, ಚಪ್ಪಾಳೆಯೂ ಬಿತ್ತು. ಊಟದ ನಂತರ ನೋಡಿದರೆ ಸಮಯದ ಅಭಾವ ಎಂದು ನಿರ್ಣಯವನ್ನು ಪಟ್ಟಿಯಿಂದಲೇ ತೆಗೆದಿದ್ದರು. ಹಾಗೆ ಕೂಗಿದವರು ಇವತ್ತು ಈ ಸಭೆಯಲ್ಲಿದ್ದಾರೆ. ಅವರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಆ ಮಧ್ಯಾಹ್ನವನ್ನು ನಾನು ಮರೆತಿಲ್ಲ.

ಹೊಡೆತದ ಮಾತಿಗೆ ನನ್ನ ಉತ್ತರ ಇಲ್ಲಿದೆ. ನನ್ನ ಎಡಗೈ ಹೆಬ್ಬೆರಳು ಮಡಚುವುದಿಲ್ಲ. 2006ರಲ್ಲಿ ಒಬ್ಬರು ಮುರಿದರು. ಆವತ್ತು ಅವರನ್ನು ಕಟ್ಟಿದೆವು, ಕಟ್ಟಲೇಬೇಕಿತ್ತು. ವಾಸಿಯಾದ ಮೇಲೆ ಅವರೇ ಬಂದು ಬೆರಳು ನೋಡಿ ಕೈಮುಗಿದರು. ಆಮೇಲೆ ಹೇಳಿದರು: “ನೀವು ಕಟ್ಟಿದ್ದು ಸರಿ ಸಿಸ್ಟರ್. ಇಲ್ದಿದ್ರೆ ಇನ್ನೂ ಯಾರಿಗಾದ್ರೂ ಏಟು ಬೀಳ್ತಿತ್ತು. ಒಂದು ಗಂಟೇಲಿ ನಾನು ಸರಿಹೋಗಿದ್ದೆ. ಬೆಳಗಿನ ತನಕ ಯಾಕೆ ಬಿಟ್ರಿ?” ಅವರು ಕೇಳಿದ್ದೇ ನನ್ನ ನಿರ್ಣಯ. ಬೆಳಗಿನ ತನಕ ಬಿಟ್ಟದ್ದು ಅವರು ಅಪಾಯಕಾರಿ ಆಗಿದ್ದರು ಎಂದಲ್ಲ. ನಾನು ಕೈಗೆ ಬ್ಯಾಂಡೇಜ್ ಹಾಕಿಸಿಕೊಳ್ಳಲು ಹೋಗಿದ್ದೆ, ವಾರ್ಡಿನಲ್ಲಿ ಉಳಿದವರಿಗೆ ಬಿಚ್ಚಲು ಭಯ. ಸಿಬ್ಬಂದಿ ಕಡಿಮೆಯೆಂದು ಕಟ್ಟಬಾರದು ಎಂದು ಬರೆದ ಸರ್ಕಾರ ಸಿಬ್ಬಂದಿ ಕೊಡಬೇಕಲ್ಲವೇ? ಆ ಜಗಳವನ್ನು ನಾವು ಸರ್ಕಾರದ ಜೊತೆ ಆಡೋಣ. ಅದಕ್ಕೂ ನಿಜವಾದ ಸಂಖ್ಯೆಯೇ ಆಧಾರ. ‘ನಿಲ್’ ಎಂದು ಬರೆದುಕೊಟ್ಟು ಕೈ ಸಾಲದು ಎಂದರೆ ಯಾರು ನಂಬುತ್ತಾರೆ?

ಈಗ ಏನು ಮಾಡಬೇಕು ಎಂಬುದು. ಹದಿನೈದು ನಿಮಿಷಕ್ಕೊಮ್ಮೆ ಹತ್ತಿರ ಹೋಗಿ ಉಸಿರು, ಬೆರಳಿನ ಬಣ್ಣ, ನೀರು, ಮೂತ್ರ ವಿಚಾರಿಸಬೇಕು, ಪ್ರತಿ ಸಲವೂ ‘ಈಗ ಬಿಚ್ಚಬಹುದೇ’ ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕು. ಹೆಂಗಸರನ್ನು ಹಿಡಿಯುವಾಗ ಹೆಂಗಸರೇ ಇರಬೇಕು. ಮನೆಯವರ ಕೈಯಲ್ಲಿ ಹಿಡಿಸಬಾರದು, ಇದನ್ನು ನಾಳೆಯಿಂದಲೇ ನಿಲ್ಲಿಸಬಹುದು, ಆದೇಶ ಬೇಕಿಲ್ಲ. ಗಾಜ್ ಬದಲು ಮೆತ್ತೆ ಇರುವ ಪಟ್ಟಿ ಇರಲಿ, ಮಂಚದ ಪಕ್ಕ ಕತ್ತರಿ ಇರಲಿ. ಸಮಾಧಾನಕ್ಕೆ ಬಂದ ಒಂದು ದಿನದೊಳಗೆ ಯಾರಾದರೂ ಕೂತು ಅವರ ಮಾತು ಕೇಳಲಿ. ಡಿಸ್ಚಾರ್ಜ್ ಆಗುವಾಗ, ಮತ್ತೆ ಹೀಗಾದರೆ ನಿಮ್ಮನ್ನು ಹೇಗೆ ಸಮಾಧಾನ ಮಾಡಬೇಕು ಎಂದು ಅವರಿಂದಲೇ ಬರೆಸಿಕೊಳ್ಳಲಿ. ಒಬ್ಬರಿಗೆ ತಲೆಗೆ ತಣ್ಣೀರು, ಇನ್ನೊಬ್ಬರಿಗೆ ಅಕ್ಕನ ಜೊತೆ ಫೋನು, ಮತ್ತೊಬ್ಬರಿಗೆ ಯಾರೂ ಮೈ ಮುಟ್ಟದೆ ದೂರ ನಿಲ್ಲುವುದು. ನನ್ನ ನೋಟ್‌ಬುಕ್ಕಿನಲ್ಲಿ ಇಂಥವು ತುಂಬಿವೆ.

ಇಂಗ್ಲೆಂಡಿನಲ್ಲಿ ಲೆನ್ ಬೋವರ್ಸ್ ಮತ್ತು ಸಂಗಡಿಗರು ‘ಸೇಫ್‌ವಾರ್ಡ್ಸ್’ ಎಂಬ ಪ್ರಯೋಗವನ್ನು 15 ಆಸ್ಪತ್ರೆಗಳ 31 ವಾರ್ಡುಗಳಲ್ಲಿ ಮಾಡಿದರು. ಬೋವರ್ಸ್ ಕೂಡ ಮನೋವೈದ್ಯಕೀಯ ನರ್ಸೇ. ಸಿಬ್ಬಂದಿ, ರೋಗಿಗಳು ಪರಸ್ಪರರನ್ನು ತಿಳಿಯುವುದು, ಕೆಟ್ಟ ಸುದ್ದಿ ಬರಬಹುದೆಂದು ಅರಿತಿದ್ದು ಕೂಡಲೇ ರೋಗಿಯ ಬಳಿ ಹೋಗಿ ಮಾತಾಡುವುದು, ವಾಸಿಯಾಗಿ ಹೊರಟವರು ಮುಂದೆ ಬರುವವರಿಗಾಗಿ ಒಂದು ಮಾತು ಬರೆದಿಟ್ಟು ಹೋಗುವುದು, ಇಂಥವೇ ಉಪಾಯಗಳು. ಹಿಡಿಯುವುದು, ಕೂಡಿಹಾಕುವುದೂ ಸೇರಿದಂತೆ ರೋಗಿಗಳನ್ನು ನಿಯಂತ್ರಿಸುವ ಪ್ರಸಂಗಗಳು ಒಟ್ಟಾರೆ ನೂರಕ್ಕೆ 26ರಷ್ಟು ಇಳಿದವು ಎಂದು 2015ರಲ್ಲಿ ಪ್ರಕಟಿಸಿದರು. ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲ.

ಇನ್ನು ಕೆಲವು ನನ್ನ ಆಸೆಗಳು. ಪ್ರತಿ ವಾರ್ಡಿಗೆ ಒಂದು ಮರವಿರುವ ಅಂಗಳ ಬೇಕು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಲಾಗದ ಒಂದು ಸದ್ದಿಲ್ಲದ ಕೋಣೆ ಬೇಕು. ರಾತ್ರಿ ಪಾಳಿಗೆ ಮಾತ್ರೆ, ಇಂಜೆಕ್ಷನ್, ರಿಜಿಸ್ಟರ್ ಯಾವುದೂ ಇಲ್ಲದೆ ಬರೀ ಕೂತು ಮಾತಾಡುವ ಕೆಲಸಕ್ಕೇ ಒಬ್ಬ ನರ್ಸ್ ಬೇಕು. ಬಿ.ಎಸ್ಸಿ ನರ್ಸಿಂಗ್ ತರಗತಿಯಲ್ಲಿ ಈ ಪಾಠವನ್ನು ಕಟ್ಟಿಸಿಕೊಂಡವರೇ ಬಂದು ಮಾಡಬೇಕು, ಅವರಿಗೆ ಅತಿಥಿ ಉಪನ್ಯಾಸಕರ ಗೌರವಧನವೇ ಸಿಗಬೇಕು. ಇವೆಲ್ಲ ಯಾವಾಗ ಆಗುತ್ತವೋ ತಿಳಿಯದು. ಕೇಳುವುದನ್ನು ನಾನು ಬಿಡುವುದಿಲ್ಲ.

2019ರಲ್ಲಿ ಕೈಬಿಟ್ಟ ಅದೇ ನಿರ್ಣಯ ಇವತ್ತು ಮಧ್ಯಾಹ್ನ 3 ಗಂಟೆಗೆ, ಊಟವಾದ ಕೂಡಲೇ, ಮೊದಲನೆಯದಾಗಿ ಮತಕ್ಕೆ ಬರುತ್ತದೆ. ನಮೂನೆಯ ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ, ಒಂದೇ ಹಾಳೆ. ಮೇಲೆ ಕಟ್ಟಿದ ಹೊತ್ತು, ಬಿಚ್ಚಿದ ಹೊತ್ತು, ಎರಡು ಸಹಿ. ಕೆಳಗೆ ರೋಗಿಯ ಮಾತಿಗೆ ಎಂಟು ಗೆರೆ ಬಿಟ್ಟಿದ್ದೇವೆ. ಆರು ಗೆರೆ ಸಾಕು ಎಂದು ನಾನು ಅಂದುಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಕೂತಿರುವ ಒಬ್ಬರು ನಿನ್ನೆ ರಾತ್ರಿ ಹಾಳೆ ನೋಡಿ, ಇನ್ನೆರಡು ಹಾಕಿ ಎಂದರು.