ಊರ ವಿಷಯ, ದೇಶದ ವಿಷಯ

(ವಿದ್ಯಾರ್ಥಿಗಳ ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತುಗಳು)



ನಮ್ಮಲ್ಲಿ ಬಹಳ ಮಂದಿ ರಾಜ್ಯಶಾಸ್ತ್ರವನ್ನು ಆರಿಸಿಕೊಂಡವರಲ್ಲ. ಅದು ನಮ್ಮ ಪಾಲಿಗೆ ಉಳಿದದ್ದು. ಅಡ್ಮಿಷನ್ ದಿನ ಕಿಟಕಿಯಾಚೆ ಕೂತಿದ್ದ ಗುಮಾಸ್ತರು ಜಾತಿ ಸರ್ಟಿಫಿಕೇಟು ನೋಡಿ, ನಮ್ಮ ಮುಖ ನೋಡಿ, 'ನಿಂಗ್ಯಾಕಪ್ಪ ಸೈನ್ಸು? ಹೆಚ್.ಇ.ಪಿ. ತಗೊ, ನೋಟ್ಸ್ ಓದಿದ್ರೆ ಪಾಸಾಗ್ತದೆ' ಅಂದರು. ತಗೊಂಡೆವು. ಊರಿಗೆ ಹೋದಾಗ ಅವ್ವ 'ಏನ್ ಓದ್ತಿದ್ದೀಯ ಮಗ' ಅಂತ ಕೇಳಿದಳು. ರಾಜ್ಯಶಾಸ್ತ್ರ ಅಂದೆವು. 'ರಾಜರ ಕತೇನಾ?' ಅಂದಳು. ಅಲ್ಲ ಅಂತ ಗೊತ್ತಿತ್ತು. ಮತ್ತೇನು ಅಂತ ಮೂರು ವರ್ಷ ಓದಿದ ಮೇಲೂ ಹೇಳಕ್ಕೆ ಬರಲಿಲ್ಲ.

ಎಂ.ಎ.ಗೆ ಬಂದರೆ ಅಂತರರಾಷ್ಟ್ರೀಯ ಸಂಬಂಧಗಳು ಅನ್ನೋ ಪೇಪರು. ಶಕ್ತಿ ಸಮತೋಲನ, ಸಾರ್ವಭೌಮತ್ವ, ಅಲಿಪ್ತ ನೀತಿ. ಊರಾಚೆ ಕೇರಿಯಿಂದ ಬಂದ ನಮಗೆ ವಾಷಿಂಗ್ಟನ್ನು, ಮಾಸ್ಕೋ ಕಟ್ಟಿಕೊಂಡು ಏನಾಗಬೇಕು ಅಂತ ಅನ್ನಿಸಿದ್ದು ನಿಜ. ಈಗಲೂ ಹಾಸ್ಟೆಲ್ಲಿನಲ್ಲಿ ಹಾಗೆ ಅನ್ನುವವರಿದ್ದಾರೆ. ಅವರ ಜೊತೆ ಜಗಳ ಆಡಕ್ಕೇ ನಾವು ಇವತ್ತು ನಿಂತಿದ್ದೇವೆ.

ಯಾವುದೋ ಊರಲ್ಲಿ ನಮ್ಮವರಿಗೆ ಬಹಿಷ್ಕಾರ ಹಾಕಿರುತ್ತಾರೆ. ಅಂಗಡಿ ಸಾಮಾನಿಲ್ಲ, ಕೂಲಿ ಇಲ್ಲ, ನೀರಿಲ್ಲ. ನಾವು ನಾಲ್ಕು ಜನ ಬಸ್ಸಿಳಿದು ಕೇಳಕ್ಕೆ ಹೋದರೆ ಅರಳಿಕಟ್ಟೆ ಮೇಲಿನ ಯಜಮಾನರು ಏನಂತಾರೆ? 'ಇದು ನಮ್ಮೂರ ವಿಷಯ. ನಾವ್ ನಾವೇ ಸರಿ ಮಾಡ್ಕೋತೀವಿ. ಹೊರಗಿನೋರು ತಲೆ ಹಾಕ್ಬೇಡಿ.' ಇದೇ ಮಾತನ್ನು ಸೂಟು ಹಾಕಿಕೊಂಡು ಇಂಗ್ಲಿಷಿನಲ್ಲಿ ಹೇಳಿದರೆ ಅದಕ್ಕೆ ರಾಷ್ಟ್ರದ ಆಂತರಿಕ ವಿಚಾರ ಅಂತ ಹೆಸರು. ವಿಶ್ವಸಂಸ್ಥೆಯ ಸನ್ನದಿನ 2ನೇ ವಿಧಿ, 7ನೇ ಖಂಡ. ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಕಟ್ಟೆ ಮೇಲಿನ ಮಾತೂ ಅದೂ ಅಣ್ಣತಮ್ಮಂದಿರು ಅಂತ ಯಾವ ಮೇಷ್ಟರೂ ಹೇಳಿಕೊಡಲಿಲ್ಲ.

1946ನೇ ಇಸವಿ ನೋಡಿ. ದಕ್ಷಿಣ ಆಫ್ರಿಕದಲ್ಲಿ ಭಾರತೀಯರನ್ನು ಕೀಳಾಗಿ ಕಾಣುತ್ತಾರೆ ಎಂದು ಭಾರತ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಆಗಿನ್ನೂ ನಮಗೆ ಸ್ವಾತಂತ್ರ್ಯ ಬಂದಿರಲಿಲ್ಲ. ದಕ್ಷಿಣ ಆಫ್ರಿಕ 'ಇದು ನಮ್ಮ ಒಳಗಿನ ವಿಷಯ' ಅಂದಿತು. ಭಾರತ ಒಪ್ಪಲಿಲ್ಲ. ಮನುಷ್ಯನನ್ನು ಹುಟ್ಟಿನಿಂದ ಕೀಳು ಮಾಡೋದು ಯಾರ ಒಳಗಿನ ವಿಷಯವೂ ಅಲ್ಲ ಅನ್ನುವುದೇ ಆ ವಾದದ ತಿರುಳು. ಡಿಸೆಂಬರ್ 8ರಂದು ಸಾಮಾನ್ಯ ಸಭೆ ಭಾರತದ ಪರವಾಗಿ ನಿರ್ಣಯ ಮಾಡಿತು.

ಅದೇ ವರ್ಷ ಬಾಬಾಸಾಹೇಬರು ಅಮೆರಿಕದ ಕಪ್ಪು ಜನರ ನಾಯಕ ಡು ಬೋಯಿಸ್ ಅವರಿಗೆ ಒಂದು ಕಾಗದ ಬರೆದರು. ನಿಮ್ಮ ಜನ ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿದ್ದಾರಂತೆ, ಅದರ ಪ್ರತಿಗಳನ್ನು ಕಳಿಸಿಕೊಡಿ, ನಮ್ಮ ಅಸ್ಪೃಶ್ಯರೂ ಆ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಎಂಬ ಕಾಗದ. ಜುಲೈ 31ಕ್ಕೆ ಡು ಬೋಯಿಸ್ ಉತ್ತರ ಬರೆದರು. ಸಿಲಬಸ್ಸಿನಲ್ಲಿ ಮೊದಲಿನ ಕತೆ ಇದೆ. ಎರಡನೆಯದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಮುಂದೆ 1965. ಜನಾಂಗಭೇದದ ವಿರುದ್ಧ ಒಂದು ಅಂತರರಾಷ್ಟ್ರೀಯ ಒಪ್ಪಂದ ತಯಾರಾಯಿತು. ಜನಾಂಗ, ಬಣ್ಣ ಅಂತೆಲ್ಲ ಇರುವ ಮೊದಲ ವಿಧಿಯಲ್ಲಿ 'ಡಿಸೆಂಟ್' ಅಂತ ಇನ್ನೊಂದು ಪದ ಸೇರಿತು. ಅಂದರೆ ಹುಟ್ಟಿದ ವಂಶ. ಆ ಪದ ಸೇರಿಸಿ ಅಂತ ಕೇಳಿದ್ದು ಭಾರತವೇ! 1968ರಲ್ಲಿ ಭಾರತ ಒಪ್ಪಂದವನ್ನು ಅಂಗೀಕರಿಸಿತು. ವಂಶ ಅಂದರೆ ಜಾತಿಯೂ ಹೌದು, ಪರಿಶಿಷ್ಟರ ಸ್ಥಿತಿ ಇದರೊಳಗೆ ಬರುತ್ತದೆ ಅಂತ ಆ ಒಪ್ಪಂದದ ಸಮಿತಿ 1996ರಲ್ಲಿ ಹೇಳಿದಾಗ ನಮ್ಮ ಸರ್ಕಾರ ಇಲ್ಲ ಅಂತು. 2001ರಲ್ಲಿ ಡರ್ಬನ್ ಸಮ್ಮೇಳನ ನಡೆಯಿತು. ಅದೇ ದಕ್ಷಿಣ ಆಫ್ರಿಕದ ನೆಲ. ದಲಿತರು ಜಾತಿಯ ಪ್ರಶ್ನೆ ಹೊತ್ತು ಅಲ್ಲಿಗೆ ಹೋದರು. ಇದು ನಮ್ಮ ದೇಶದ ವಿಷಯ, ಇಲ್ಲಿ ಬೇಡ ಅಂತ ಸರ್ಕಾರ ಪಟ್ಟು ಹಿಡಿಯಿತು. ಸಮ್ಮೇಳನದ ಘೋಷಣೆಯಲ್ಲಿ ಜಾತಿ ಅನ್ನೋ ಪದ ಬರಲಿಲ್ಲ. ಆದರೆ 2002ರಲ್ಲಿ ಸಮಿತಿ ತನ್ನ 29ನೇ ಸಾಮಾನ್ಯ ಶಿಫಾರಸಿನಲ್ಲಿ ಜಾತಿಯನ್ನು ಹೆಸರಿಟ್ಟೇ ಬರೆಯಿತು. ಒಂದು ಪದ ಹಿಡಿದುಕೊಂಡು ಆದ ಕೆಲಸ ಇದು. ಆ ಪದ ಅಲ್ಲಿದೆ ಅಂತ ಗೊತ್ತಾಗಬೇಕಾದರೆ ಯಾರಾದರೂ ಕೂತು ಓದಿರಬೇಕು ತಾನೆ?

ಹಂಗಂತ ಸಾರ್ವಭೌಮತ್ವ ಅನ್ನೋದನ್ನು ತೆಗೆದು ತಿಪ್ಪೆಗೆ ಹಾಕಿ ಅಂತ ನಾವು ಹೇಳುತ್ತಿಲ್ಲ. 2003ರಲ್ಲಿ ಅಮೆರಿಕ ಇರಾಕಿಗೆ ನುಗ್ಗಿದಾಗ ಆ ದೇಶಕ್ಕಿದ್ದ ಬೇಲಿ ಈ ಪದವೇ. ಬೇಲಿ ಬಡವನ ಹೊಲಕ್ಕೂ ಬೇಕು. ಅದೇ ಬೇಲಿಯ ಮರೆಯಲ್ಲಿ ಯಜಮಾನ ಆಳನ್ನು ಹೊಡೆಯಲೂಬಹುದು. ಎಲ್ಲಿ ಯಾವುದು ಅಂತ ಬಿಡಿಸಿ ನೋಡೋದು ಕಷ್ಟ. ನಮ್ಮ ನಮ್ಮಲ್ಲೇ ಇದರ ಬಗ್ಗೆ ಒಮ್ಮತ ಇಲ್ಲ, ರಾತ್ರಿ ಎರಡು ಗಂಟೆವರೆಗೆ ವಾದ ಆಗಿದೆ. ಆಗಲಿ ಬಿಡಿ.

ಬಾಬಾಸಾಹೇಬರು 1913ರಲ್ಲಿ ಬರೋಡದ ಸ್ಕಾಲರ್‌ಷಿಪ್ಪಿನಲ್ಲಿ ನ್ಯೂಯಾರ್ಕಿಗೆ ಹೋಗಿ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಸೇರಿದ್ದು ರಾಜ್ಯಶಾಸ್ತ್ರದ ಫ್ಯಾಕಲ್ಟಿಗೇ. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಇತಿಹಾಸ ಎಲ್ಲ ಅಲ್ಲೇ ಓದಿದರು. 1916ರ ಮೇ ತಿಂಗಳಲ್ಲಿ ಅಲ್ಲಿನ ಒಂದು ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ತಿರುವಾಂಕೂರು ಸೀಮೆಯ ಬಡ ದಲಿತ ಮನೆಯ ಕೆ.ಆರ್. ನಾರಾಯಣನ್ ಲಂಡನ್ನಿನಲ್ಲಿ ಹೆರಾಲ್ಡ್ ಲಾಸ್ಕಿಯವರ ಹತ್ತಿರ ರಾಜ್ಯಶಾಸ್ತ್ರ ಓದಿದರು. 1949ರಲ್ಲಿ ವಿದೇಶಾಂಗ ಸೇವೆ ಸೇರಿದರು, 1976ರಲ್ಲಿ ಚೀನಾಕ್ಕೆ ರಾಯಭಾರಿಯಾದರು, 1997ರಲ್ಲಿ ರಾಷ್ಟ್ರಪತಿಯಾದರು. ಇವರಿಗೆಲ್ಲ ಈ ಓದು ಉಳಿಕೆ ಪಳಿಕೆ ಆಗಿರಲಿಲ್ಲ.

ಈಗ 2022ಕ್ಕೆ ಬನ್ನಿ. ಪರಿಶಿಷ್ಟ ವಿದ್ಯಾರ್ಥಿಗಳು ವಿದೇಶದಲ್ಲಿ ಓದಲಿಕ್ಕೆ ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮವನ್ನು ಆ ವರ್ಷ ಬದಲಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ ಇಂಥ ವಿಷಯಕ್ಕೆ ಹಣ ಇಲ್ಲ ಅಂತ ಬರೆದರು. ಇಂಜಿನಿಯರಿಂಗ್ ಓದಕ್ಕೆ ಹೋಗಬಹುದು, ನಮ್ಮ ಕೇರಿ ಬಗ್ಗೆ ಓದಕ್ಕೆ ಹೋಗಂಗಿಲ್ಲ. ಆ ನಿಯಮ 1916ರಲ್ಲಿ ಇದ್ದಿದ್ದರೆ ನ್ಯೂಯಾರ್ಕಿನ ಆ ಪ್ರಬಂಧ ಏನಾಗುತ್ತಿತ್ತು? ಕಟ್ಟೆ ಮೇಲಿನ ಮಾತು ನೆನಪಾಗುತ್ತೆ ಅಲ್ವಾ? ನಮ್ಮೂರ ವಿಷಯ, ಹೊರಗೆ ಬೇಡ.

ಕಷ್ಟ ಇಲ್ಲ ಅಂತ ಸುಳ್ಳು ಹೇಳಲ್ಲ. ಒಳ್ಳೆ ಪುಸ್ತಕಗಳೆಲ್ಲ ಇಂಗ್ಲಿಷಿನವು. ಕನ್ನಡ ಮೀಡಿಯಂನಲ್ಲಿ ಬಂದ ನಾವು ಒಂದು ಪುಟಕ್ಕೆ ಒಂದು ಸಂಜೆ ಕಳೆದವರು. ತಪ್ಪು ಇಂಗ್ಲಿಷಿಗೆ ತರಗತಿಯಲ್ಲಿ ನಕ್ಕರು. ಅದಕ್ಕೇ ಒಬ್ಬೊಬ್ಬರೇ ಓದೋದು ಬಿಟ್ಟು ಗುಂಪಾಗಿ ಕೂರೋಣ ಅಂತ ಮಾಡಿದ್ದೇವೆ. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ, ಹಾಸ್ಟೆಲ್ ಊಟದ ಹಾಲಿನಲ್ಲಿ. 1965ರ ಒಪ್ಪಂದದ ಮೊದಲ ವಿಧಿಯಿಂದ ಶುರು, ಸಾಲು ಸಾಲಾಗಿ ಕನ್ನಡಕ್ಕೆ ತರಬೇಕು. ಹೆಣ್ಣುಮಕ್ಕಳ ಹಾಸ್ಟೆಲ್ಲಿನವರೂ ಬರುತ್ತೇವೆ ಅಂದಿದ್ದಾರೆ. ಡಿಕ್ಷನರಿ ಒಂದೇ ಇದೆ, ಅದಕ್ಕೂ ರಟ್ಟು ಕಿತ್ತುಹೋಗಿದೆ. ಇದ್ದವರು ತನ್ನಿ.